ಕೊಪ್ಪಳವೋ ಬೆಂಗಳೂರೋ: ಎರಡೂ ಕಡೆ ಪಗಾರ ಎಣಿಸಿದವಳ ಲೆಕ್ಕ

ಜಾತ್ರೆಗೆ ಊರಿಗೆ ಹೋದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. ಗವಿಮಠದ ದಾಸೋಹದಲ್ಲಿ ರೊಟ್ಟಿ ಮುರಿಯುತ್ತ ಕೂತಿರುತ್ತೇನೆ. ಓಣಿಯ ಯಾವುದೋ ಹುಡುಗಿ ಪಕ್ಕಕ್ಕೆ ಬಂದು ಕೂರುತ್ತಾಳೆ. "ಅಕ್ಕಾ, ನಂದು ಬಿ.ಕಾಂ ಮುಗೀತು. ಬೆಂಗಳೂರಿಗೆ ಬರ್ಲೇನು, ಇಲ್ಲೇ ಇರ್ಲೇನು?" ಅವಳ ಅವ್ವ ಎದುರಿಗೇ ಕೂತಿರುತ್ತಾರೆ, ನಾನು ಏನು ಹೇಳುತ್ತೇನೋ ಅಂತ ನನ್ನ ಬಾಯಿಯನ್ನೇ ನೋಡುತ್ತ. ಅಂಥ ಹೊತ್ತಲ್ಲಿ ಸರಿಯಾದ ಉತ್ತರ ಬರುವುದಿಲ್ಲ. ಹಾಗಾಗಿ ಬರೆದೇ ಬಿಡೋಣ ಅನ್ನಿಸಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ಬೆಂಗಳೂರಿನ ಪಕ್ಷ. 2015ರಿಂದ ಎರಡು ವರ್ಷ ಕೊಪ್ಪಳದಲ್ಲೇ ಲೆಕ್ಕ ಬರೆಯುವ ಕೆಲಸ ಮಾಡಿದೆ. 2017ರಲ್ಲಿ ಬೆಂಗಳೂರಿಗೆ ಬಂದೆ. 2020ರ ಲಾಕ್‌ಡೌನ್‌ನಲ್ಲಿ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗಿ, ಹದಿನಾಲ್ಕು ತಿಂಗಳು ಮನೆಯಿಂದಲೇ ಬೆಂಗಳೂರಿನ ಕೆಲಸ ಮಾಡಿದೆ. ಆಮೇಲೆ ವಾಪಸ್ ಬಂದೆ. ಯಾರೂ ಕರೆಯಲಿಲ್ಲ, ನಾನೇ ಬಂದೆ. ಎರಡೂ ಕಡೆ ದುಡಿದು ನೋಡಿದ್ದೇನೆ ಅನ್ನುವುದಷ್ಟೇ ಈ ಬರಹಕ್ಕೆ ಇರುವ ಯೋಗ್ಯತೆ.

ಮೊದಲು ದುಡ್ಡು

ದುಡ್ಡಿನ ವಿಷಯದಲ್ಲಿ ಮೊದಲ ವರ್ಷ ಬೆಂಗಳೂರು ಗೆಲ್ಲುವುದಿಲ್ಲ. ಇದನ್ನು ಯಾರೂ ಹೇಳುವುದಿಲ್ಲ, ಯಾಕೆಂದರೆ ಊರಿಗೆ ಬಂದಾಗ ಎಲ್ಲರೂ ಸಂಬಳ ಮಾತ್ರ ಹೇಳುತ್ತಾರೆ.

ನನ್ನ ಚಿಗವ್ವನ ಮಗಳ ಲೆಕ್ಕವನ್ನೇ ತೆಗೆದುಕೊಳ್ಳಿ. ಹೋದ ವರ್ಷ ಅವಳಿಗೆ ಎರಡು ಕೆಲಸ ಸಿಕ್ಕವು. ಕೊಪ್ಪಳದಲ್ಲಿ ತಿಂಗಳಿಗೆ 13,000, ಬೆಂಗಳೂರಿನ ಪೀಣ್ಯದಲ್ಲಿ 24,000. ಕೇಳಿದರೆ ದುಪ್ಪಟ್ಟು ಹತ್ತಿರ ಹತ್ತಿರ, ಅಲ್ವಾ? ಇಬ್ಬರೂ ಕೂತು ಹಾಳೆ ಮೇಲೆ ಬರೆದೆವು. ಲಗ್ಗೆರೆಯಲ್ಲಿ ಮೂವರು ಒಂದು ರೂಮಿನಲ್ಲಿರುವ ಪಿಜಿ, ಎರಡು ಹೊತ್ತಿನ ಊಟ ಸೇರಿ 7,500. ಮಧ್ಯಾಹ್ನದ ಊಟ, ಚಹಾ, ಭಾನುವಾರ ಬಾಯಿರುಚಿಗೆ ಏನಾದರೂ ಅಂದರೆ 3,000. ಫೋನಿಗೆ 300. ಊರಿಗೆ ಓಡಾಡಲು ತಿಂಗಳಿಗೆ ಸರಾಸರಿ 1,200. ಬಟ್ಟೆ, ಮಾತ್ರೆ, ಸೋಪು, ಯಾರದೋ ಹುಟ್ಟುಹಬ್ಬದ ಕೇಕಿಗೆ ಪಾಲು, ಎಲ್ಲ ಸೇರಿ 2,000. ಒಟ್ಟು 14,000. ಕೈಯಲ್ಲಿ ಉಳಿಯುವುದು 10,000.

ಕೊಪ್ಪಳದಲ್ಲಿ? ಮನೆಗೆ 4,000 ಕೊಟ್ಟು, ಸ್ವಂತ ಖರ್ಚು 1,500 ತೆಗೆದರೆ 7,500 ಉಳಿಯುತ್ತದೆ. ಅಂದರೆ ವ್ಯತ್ಯಾಸ ಬರೀ 2,500. ಅದರ ಮೇಲೆ ಬೆಂಗಳೂರಿಗೆ ಇಳಿದ ತಿಂಗಳು ಪಿಜಿ ಅಡ್ವಾನ್ಸ್, ಹಾಸಿಗೆ, ಬಕೆಟ್ಟು, ಆಫೀಸಿಗೆ ಎರಡು ಜೊತೆ ಬಟ್ಟೆ ಅಂತ 15,000 ಹೋಯಿತು. ಅದನ್ನು ತುಂಬಿಸಲಿಕ್ಕೇ ಆರು ತಿಂಗಳು. ನಡುವೆ ಒಂದು ಡೆಂಗಿ ಜ್ವರ ಬಂದರೆ ವರ್ಷದ ಲೆಕ್ಕವೇ ಸಮ.

ಹೆಣ್ಣುಮಕ್ಕಳಿಗೆ ಒಂದು ಅನುಕೂಲ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಅದಕ್ಕೇ ಮೇಲಿನ ಲೆಕ್ಕದಲ್ಲಿ ಆಫೀಸಿಗೆ ಹೋಗಿಬರುವ ಖರ್ಚು ಬರೆದಿಲ್ಲ. ಗಂಡುಮಕ್ಕಳು ಅದನ್ನೂ ಸೇರಿಸಿಕೊಳ್ಳಬೇಕು. ಮೆಟ್ರೋ ಬೇಗ ಮುಟ್ಟಿಸುತ್ತದೆ, ಆದರೆ 2025ರ ಫೆಬ್ರುವರಿಯಲ್ಲಿ ದರ ಏರಿ, ಅತಿ ದೂರದ ಟಿಕೆಟ್ 60ರಿಂದ 90 ರೂಪಾಯಿಗೆ ಹೋಯಿತು. ದಿನಾ ಎರಡು ಸಲ ಓಡಾಡುವವರು ಮನೆಯನ್ನು ಆಫೀಸಿನ ಹತ್ತಿರವೇ ನೋಡಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಯಾಕೆ ಹೋಗಬೇಕು? ಅಲ್ಲಿಗೇ ಬರುತ್ತಿದ್ದೇನೆ.

ಎರಡನೇ ಕೆಲಸ

ಕೊಪ್ಪಳದಲ್ಲಿ ನಾನು ಮೊದಲು ಸೇರಿದ್ದು ಜವಾಹರ ರಸ್ತೆಯ ಕಡೆ ಇದ್ದ ಒಂದು ಲೆಕ್ಕಪತ್ರದ ಆಫೀಸು. ಪಗಾರ 8,000. ಎರಡು ವರ್ಷದ ಮೇಲೆ 9,000. ಕೊನೆಗೆ ಎರಡು ತಿಂಗಳ ಪಗಾರ ನಿಲ್ಲಿಸಿದರು. ಕೇಳಿದರೆ "ಎಲ್ಲಿ ಓಡಿ ಹೋಗ್ತದ ತಂಗಿ, ಕೊಡೂಣಂತ" ಅನ್ನುವವರು. ಬಿಟ್ಟು ಇನ್ನೊಂದು ಆಫೀಸಿಗೆ ಕೇಳಲು ಹೋದೆ. ಗಡಿಯಾರ ಕಂಬ ದಾಟಿ ಐದು ನಿಮಿಷದ ದಾರಿ. ನಾನು ಮುಟ್ಟುವ ಮೊದಲೇ ಫೋನ್ ಮುಟ್ಟಿತ್ತು. "ಅವರ ಜೋಡಿ ಜಗಳಾ ಆಡಿ ಬಂದೀಯಂತಲ್ಲ?" ಅಂತ ಆ ಸಾಹೇಬರು ನಗುತ್ತಲೇ ಕೇಳಿದರು. ಕೆಲಸ ಸಿಗಲಿಲ್ಲ. ಅಂಥ ಕೆಲಸ ಕೊಡುವ ಜಾಗ ಊರಲ್ಲಿ ಇದ್ದಿದ್ದೇ ನಾಲ್ಕೈದು. ಎಲ್ಲರೂ ಸಂಜೆ ಒಂದೇ ಕಡೆ ಚಹಾ ಕುಡಿಯುವವರು.

ಬೆಂಗಳೂರಿನಲ್ಲಿ ನನ್ನ ಮೊದಲ ಕಂಪನಿ ಏಳೇ ತಿಂಗಳಿಗೆ ಮುಚ್ಚಿತು. ಒಂದು ಸೋಮವಾರ ಹೋದರೆ ಬೀಗ. ಅವತ್ತು ಪೀಣ್ಯದ ಬಸ್‌ಸ್ಟಾಪಿನಲ್ಲಿ ಕೂತು ಅತ್ತಿದ್ದು ನಿಜ. ಆದರೆ ಮೂರು ವಾರದಲ್ಲಿ ಎರಡು ಸ್ಟಾಪ್ ಆಚೆ ಇನ್ನೊಂದು ಕೆಲಸ ಸಿಕ್ಕಿತು. ಮೊದಲು 16,000 ಇತ್ತು, ಇಲ್ಲಿ 21,000. ಹಿಂದಿನದು ಯಾಕೆ ಬಿಟ್ಟೆ ಅಂತ ಕೇಳಿದರು, ಮುಚ್ಚಿತು ಅಂದೆ, ಸರಿ ಅಂದರು. ಮಾತು ಮುಗಿಯಿತು. ಈಗಿನ ಸಂಬಳ ಇಲ್ಲಿ ಬರೆಯುವುದಿಲ್ಲ, ನಮ್ಮ ಕಾಕಾ ಓದುತ್ತಾರೆ.

ನನ್ನ ಮಟ್ಟಿಗೆ ದೊಡ್ಡ ಊರಿನ ಲಾಭ ಅಂದರೆ ಇದೇ. ಮಾಲ್ ಇದೆ, ಮೆಟ್ರೋ ಇದೆ, ಹವಾ ತಂಪು, ಅದೆಲ್ಲ ಆಮೇಲೆ. ಇಲ್ಲಿ ಒಂದು ಕೆಲಸ ಕೆಟ್ಟರೆ ಇನ್ನೊಂದು ಇದೆ. ಒಂದು ಸಲ ಎಡವಿದರೆ ಅದು ಹೆಸರಿಗೆ ಅಂಟುವುದಿಲ್ಲ. ಚಿಕ್ಕ ಊರಲ್ಲಿ ಮೊದಲ ಕೆಲಸವೇ ಸರಿ ಇರಬೇಕು, ಮೊದಲ ಧಣಿಯೇ ಒಳ್ಳೆಯವನಾಗಿರಬೇಕು. ಇಪ್ಪತ್ತೊಂದು ವರ್ಷಕ್ಕೆ ಯಾರಿಗೆ ತಾನೇ ಮೊದಲ ಸಲವೇ ಎಲ್ಲ ಸರಿ ಸಿಗುತ್ತದೆ?

ಹಾಗಾಗಿ ನೀವು ಹೋಲಿಸುವಾಗ ಮೊದಲ ಸಂಬಳವನ್ನು ಹೋಲಿಸಬೇಡಿ. ನಿಮ್ಮ ಕೆಲಸ ಯಾವುದು ಅಂತ ಬರೆದುಕೊಳ್ಳಿ. ಅದನ್ನು ಕೊಡುವ ಜಾಗ ನಿಮ್ಮ ಊರಲ್ಲಿ ಎಷ್ಟಿವೆ ಅಂತ ಬೆರಳು ಮಡಚಿ ಎಣಿಸಿ. ಒಂದು ಕೈ ಸಾಕಾಯಿತು ಅಂದರೆ ಹೊರಗೆ ನೋಡಿ. ಎರಡೂ ಕೈ ತುಂಬಿದರೆ ಊರಲ್ಲೇ ಇನ್ನೆರಡು ವರ್ಷ ಇರುವುದರಲ್ಲಿ ತಪ್ಪೇನಿಲ್ಲ. ಟೈಲರಿಂಗ್ ಬಲ್ಲವರು ಬಳ್ಳಾರಿಯಲ್ಲಿದ್ದರೆ ಅಲ್ಲಿಂದ ಯಾಕೆ ಏಳಬೇಕು? ಜೀನ್ಸ್ ಹೊಲಿಯುವ ಘಟಕಗಳು ಆ ಊರ ತುಂಬ ಇವೆ. ಒಂದು ಕಡೆ ಜಗಳ ಆದರೆ ಪಕ್ಕದ ಓಣಿಯಲ್ಲಿ ಮಷೀನು ಕಾಯುತ್ತಿರುತ್ತದೆ. ಆ ಕೆಲಸಕ್ಕೆ ಬಳ್ಳಾರಿಯೇ ದೊಡ್ಡ ಊರು.

"ಯಾರ ಮಗಳವಾ ನೀ?"

ಊರಲ್ಲಿ ಯಾವ ಅಂಗಡಿಗೆ ಹೋದರೂ ಈ ಪ್ರಶ್ನೆ ತಪ್ಪಿದ್ದಲ್ಲ. ಅಪ್ಪನ ಹೆಸರು ಹೇಳಿದರೆ ಅಜ್ಜನ ಹೆಸರು ಅವರೇ ಹೇಳುತ್ತಾರೆ. ಉದ್ರಿ ಸಿಗುತ್ತದೆ, ಕೂರಲು ಕುರ್ಚಿ ಸಿಗುತ್ತದೆ, ಮಳೆ ಬಂದರೆ ಛತ್ರಿಯೂ ಸಿಗುತ್ತದೆ. ಅದೇ ಬಾಯಿಂದ ಸಂಜೆ ಎಂಟಕ್ಕೆ ಅಪ್ಪನಿಗೆ ಫೋನ್ ಹೋಗುತ್ತದೆ. "ನಿಮ್ಮ ಮಗಳು ಬಸ್‌ಸ್ಟ್ಯಾಂಡ್ ಹತ್ರ ಯಾರ ಜೋಡಿನೋ ಮಾತಾಡ್ಕೋತ ನಿಂತಿದ್ಲು." ಅವನು ನನ್ನ ಜೊತೆ ಓದಿದ ಹುಡುಗ, ಕೇಳುತ್ತಿದ್ದುದು ಜಿಎಸ್‌ಟಿ ಬಗ್ಗೆ. ಅದನ್ನು ಮನೆಯಲ್ಲಿ ವಿವರಿಸಲು ಅರ್ಧ ಗಂಟೆ ಬೇಕಾಯಿತು.

ಬೆಂಗಳೂರಿನಲ್ಲಿ ರಾತ್ರಿ ಒಂಬತ್ತೂವರೆಗೆ ಆಫೀಸಿಂದ ಬಂದರೂ ಯಾರೂ ಕೇಳುವುದಿಲ್ಲ. ಮೊದಲ ವಾರ ಅದು ಎಷ್ಟು ಹಗುರ ಅನ್ನಿಸಿತು ಅಂದರೆ, ಕೆಲಸ ಇಲ್ಲದಿದ್ದರೂ ಸುಮ್ನೆ ಮಲ್ಲೇಶ್ವರದಲ್ಲಿ ಇಳಿದು ಒಂದು ಸುತ್ತು ನಡೆದು ಬರುತ್ತಿದ್ದೆ. ಒಬ್ಬಳೇ ಕೂತು ಕಾಫಿ ಕುಡಿಯುವುದು ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಇಪ್ಪತ್ಮೂರನೇ ವಯಸ್ಸಿಗೆ.

ಕೇಳುವವರಿಲ್ಲ ಅನ್ನುವುದಕ್ಕೆ ಇನ್ನೊಂದು ಮಗ್ಗುಲೂ ಇದೆ. ಎರಡನೇ ವರ್ಷ ನನಗೆ ಮೂರು ದಿನ ಜ್ವರ ಬಂತು. ಜೊತೆಯವರಿಬ್ಬರೂ ಊರಿಗೆ ಹೋಗಿದ್ದರು. ಅಡುಗೆಯವಳು ನಾನು ಊಟಕ್ಕೆ ಇಳಿದಿಲ್ಲ ಅಂತ ಗಮನಿಸಿದ್ದು ಮೂರನೇ ದಿನ ರಾತ್ರಿ. ಕೊಪ್ಪಳದಲ್ಲಾಗಿದ್ದರೆ ಬೆಳಗಿನ ಹಾಲು ಇನ್ನೂ ಒಳಗೆ ತಂದಿಲ್ಲ ಅಂದರೆ ಎದುರು ಮನೆಯ ಅಜ್ಜಿ ಬಾಗಿಲು ಬಡಿಯುತ್ತಿದ್ದಳು. ಈ ಎರಡರಲ್ಲಿ ಯಾವುದು ನಿಮ್ಮಿಂದ ತಡೆಯಲಾಗುವುದಿಲ್ಲ ಅಂತ ನೀವೇ ನೋಡಿಕೊಳ್ಳಬೇಕು. ನನಗೆ ಫೋನಿನ ಕಾಟಕ್ಕಿಂತ ಜ್ವರವೇ ವಾಸಿ ಅನ್ನಿಸಿತು. ನಮ್ಮ ಅಕ್ಕ ಎಂಟು ತಿಂಗಳಿದ್ದು, ಅದಕ್ಕೆ ತದ್ವಿರುದ್ಧ ಅನ್ನಿಸಿ ವಾಪಸ್ ಹೋದಳು. ಅವಳೇನೂ ಸೋತು ಹೋಗಲಿಲ್ಲ.

ದೊಡ್ಡ ಊರಲ್ಲಿ ಜಾತಿ ಕೇಳುವುದಿಲ್ಲ ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಬಾಡಿಗೆ ಮನೆ ಹುಡುಕುವಾಗ ಕೇಳುತ್ತಾರೆ. ನೇರವಾಗಿ ಕೇಳದೆ "ವೆಜ್ಜಾ ನಾನ್‌ವೆಜ್ಜಾ" ಅಂತ ಶುರು ಮಾಡುತ್ತಾರೆ. ಮೂರು ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟು ವಾಪಸ್ ಬಂದಿದ್ದೇನೆ. ನಾಲ್ಕನೆಯವರು ಐದು ತಿಂಗಳ ಅಡ್ವಾನ್ಸ್ ಬಿಟ್ಟು ಬೇರೇನೂ ಕೇಳಲಿಲ್ಲ. ಇಲ್ಲೂ ಅದೇ ಕಥೆ, ನೋಡಲು ನಾಲ್ಕನೇ ಮನೆ ಅಂತ ಒಂದು ಇತ್ತು.

ನಮ್ಮ ಮಾತಿನ ಬಗ್ಗೆಯೂ ಒಂದು ಮಾತು. "ಹೌದ್ರಿ" ಅಂದರೆ ಆಫೀಸಲ್ಲಿ ನಗುತ್ತಾರೆ, "ಇನ್ನೊಂದ್ಸಲ ಹೇಳಿ" ಅನ್ನುತ್ತಾರೆ. ಒಂದು ತಿಂಗಳು ಸಿಟ್ಟು ಬರುತ್ತದೆ. ಆಮೇಲೆ ಅವರೂ "ಏನ್ರೀ" ಅನ್ನಲು ಶುರು ಮಾಡುತ್ತಾರೆ. ಪೀಣ್ಯ, ಲಗ್ಗೆರೆ, ಹೆಗ್ಗನಹಳ್ಳಿ ಕಡೆ ಇದ್ದರೆ ಅಷ್ಟೂ ಕಾಯಬೇಕಿಲ್ಲ. ಓಣಿಗೊಂದು ಖಾನಾವಳಿ ಇದೆ, ಜೋಳದ ರೊಟ್ಟಿ, ಗುರೆಳ್ಳು ಚಟ್ನಿ ಸಿಗುತ್ತದೆ. ಒಗ್ಗರಣೆ ಮಿರ್ಚಿ ಮಾತ್ರ ಬಳ್ಳಾರಿ ಕೊಪ್ಪಳದ ರುಚಿಗೆ ಬರುವುದಿಲ್ಲ, ಯಾಕೋ ಗೊತ್ತಿಲ್ಲ.

ನೀರು, ಬಿಸಿಲು, ದೂಳು

ಬಿಸಿಲಿನ ವಿಷಯದಲ್ಲಿ ಬೆಂಗಳೂರೇ ವಾಸಿ. ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್ ಮೇ ತಿಂಗಳು 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅದಕ್ಕೇ ರಾತ್ರಿ ತಂಪಾಗುತ್ತದೆ. ನೀರಿನದು ಬೇರೆ ಮಾತು. ಕಾವೇರಿ ನೀರನ್ನು ನೂರು ಕಿಲೋಮೀಟರ್‌ನಷ್ಟು ದೂರದಿಂದ ಮೇಲಕ್ಕೆತ್ತಿ ತರಬೇಕು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಸಾಲು ನಿಂತಿದ್ದೆವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾಯಿತು. ಮನೆ ನೋಡುವಾಗ ಟೈಲ್ಸ್ ನೋಡಬೇಡಿ, ಕಾವೇರಿ ಸಂಪರ್ಕ ಇದೆಯಾ, ವಾರಕ್ಕೆ ಎಷ್ಟು ದಿನ ಬಿಡುತ್ತಾರೆ ಅಂತ ಕೆಳಗಿನ ಮನೆಯವರನ್ನು ಕೇಳಿ. ಓನರ್ ಹೇಳುವುದು ಬೇರೆ ಇರುತ್ತದೆ.

ಊರಿನ ಹವಾ ಚೊಕ್ಕ ಅನ್ನುವವರು ಕೊಪ್ಪಳದ ಹತ್ತಿರದ ಗಿಣಿಗೇರಿ ಕಡೆ ಒಂದು ದಿನ ಬಟ್ಟೆ ಒಣಗಿಸಿ ನೋಡಲಿ. ಸುತ್ತಿನ ಕಾರ್ಖಾನೆಗಳ ಕಪ್ಪು ದೂಳು ಹೊಲದ ಬೆಳೆಯ ಮೇಲೂ ಕೂರುತ್ತದೆ. 2025ರ ಫೆಬ್ರುವರಿಯಲ್ಲಿ ಇನ್ನಷ್ಟು ಕಾರ್ಖಾನೆ ಬೇಡ ಅಂತ ಕೊಪ್ಪಳ ಬಂದ್ ಆಗಿ, ಗವಿಮಠದ ಸ್ವಾಮೀಜಿಯೇ ಬೀದಿಗೆ ಬಂದಿದ್ದರು. ಬೆಂಗಳೂರಿನ ಹೊಗೆ ನನಗೆ ಗೊತ್ತು. ಆದರೆ ಊರಿನ ಗಾಳಿ ಕುಡಿಯಲು ವಾಪಸ್ ಹೋಗುತ್ತೇನೆ ಅನ್ನುವುದು ಈಗ ಎಲ್ಲ ಊರಿಗೂ ಹೊಂದುವ ಮಾತಲ್ಲ.

ಆಸ್ಪತ್ರೆ

ಮೊದಲಿನಷ್ಟು ಅಂತರ ಇಲ್ಲ. ರಾಯಚೂರಿನಲ್ಲಿ 2007ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಕೊಪ್ಪಳಕ್ಕೆ 2015ರಲ್ಲಿ ಬಂತು. ಬಳ್ಳಾರಿಯದು ಎಷ್ಟೋ ಹಳೆಯದು. ಹೆರಿಗೆ, ಅಪೆಂಡಿಕ್ಸ್, ಮುರಿದ ಕೈ, ಇದಕ್ಕೆಲ್ಲ ಬೆಂಗಳೂರು ಬೇಕಿಲ್ಲ. ಹೃದಯಕ್ಕೆ ಜಯದೇವ, ಕ್ಯಾನ್ಸರಿಗೆ ಕಿದ್ವಾಯಿ, ನರ ಮತ್ತು ಮನಸ್ಸಿನ ಕಾಯಿಲೆಗೆ ನಿಮ್ಹಾನ್ಸ್ ಅಂತ ಬಂದಾಗ ಮಾತ್ರ ದೂರ ಅನ್ನುವುದು ಕಾಡುತ್ತದೆ. ನಾನು ಇಲ್ಲಿರುವುದರಿಂದ ನಮ್ಮ ಓಣಿಯ ಆರೇಳು ಮಂದಿ ನನ್ನ ರೂಮಿನಲ್ಲಿ ಉಳಿದು ತೋರಿಸಿಕೊಂಡು ಹೋಗಿದ್ದಾರೆ. ಮನೆಯಲ್ಲಿ ಒಬ್ಬರು ಬೆಂಗಳೂರಿನಲ್ಲಿದ್ದರೆ ಇಡೀ ಓಣಿಗೆ ಉಪಯೋಗ. ಆ ಒಬ್ಬರ ನಿದ್ದೆಗೆ ಮಾತ್ರ ಅಷ್ಟು ಒಳ್ಳೆಯದಲ್ಲ.

ಬೆಂಗಳೂರಿಗೆ ಬರಬೇಡಿ ಅನ್ನುವುದು ಇವರಿಗೆ

ಸರ್ಕಾರಿ ನೌಕರಿಗೆ ಓದುತ್ತಿರುವವರು. ದಯವಿಟ್ಟು ಬರಬೇಡಿ. ಬೆಳಗಿನಿಂದ ಸಂಜೆವರೆಗೆ ದುಡಿದು ರಾತ್ರಿ ಓದುತ್ತೇನೆ ಅಂದವರನ್ನು ನೋಡಿದ್ದೇನೆ, ಓದಿದವರನ್ನು ನೋಡಿಲ್ಲ. ಬಸ್ಸೇ ಎರಡು ಗಂಟೆ ತಿನ್ನುತ್ತದೆ. ಕೊಪ್ಪಳದಲ್ಲೇ ಗವಿಮಠದ ಆಶ್ರಯದಲ್ಲಿ ಸಾವಿರಾರು ಮಕ್ಕಳು ಊಟ, ವಸತಿ ಪಡೆದು ಓದುತ್ತಿದ್ದಾರೆ. ಕೋಚಿಂಗ್ ಬೇಕೇ ಬೇಕು ಅಂದರೆ ಧಾರವಾಡ ಇದೆ, ಖರ್ಚೂ ಕಡಿಮೆ.

ಇವರಿಗೆ ಊರಿನ ಕಡೆಯೇ ಜಾಸ್ತಿ ಅವಕಾಶ ಇರುವುದಕ್ಕೆ ಕಾರಣ 371ಜೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಒಳಗಿನ ಹುದ್ದೆಗಳಲ್ಲಿ ಎ ಮತ್ತು ಬಿ ಗುಂಪಿನಲ್ಲಿ 75%, ಸಿ ಗುಂಪಿನಲ್ಲಿ 80%, ಡಿ ಗುಂಪಿನಲ್ಲಿ 85% ಈ ಭಾಗದವರಿಗೇ ಮೀಸಲು. ರಾಜ್ಯಮಟ್ಟದ ಕಚೇರಿಗಳಲ್ಲಿ 8%. ಅಂದರೆ ಈ ಭಾಗದವರು ಅಂತ ತೋರಿಸುವ 371ಜೆ ಸರ್ಟಿಫಿಕೇಟ್ ಬೆಂಗಳೂರಿಗೆ ಬಂದವರಿಗೂ ಕೆಲಸಕ್ಕೆ ಬರುತ್ತದೆ. ಊರು ಬಿಡುವ ಮೊದಲೇ ಮಾಡಿಸಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಕೂತು ಶಾಲೆಯ ದಾಖಲೆ ತರಿಸುವ ಪಾಡು ನನಗೆ ಗೊತ್ತು.

ಎರಡನೆಯವರು ನೀರಾವರಿ ಹೊಲ ಇದ್ದವರು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ತುಂಗಭದ್ರಾ ಕಾಲುವೆಯ ಕೆಳಗೆ ನಾಲ್ಕೆಕರೆ ಸ್ವಂತ ಗದ್ದೆ ಇದ್ದು, ಅದನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ ಹಾಕಿ ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸ ಮಾಡುವ ಗಂಡಸರನ್ನು ಕಂಡಿದ್ದೇನೆ. ಸಾಲ ಇತ್ತು, ಜಗಳ ಇತ್ತು, ಅವರವರ ಕಾರಣ ಅವರಿಗೆ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಎಲ್ಲರ ಎದೆ ಒಡೆದಿತ್ತು ಅನ್ನುವುದೂ ನಿಜ. ಆದರೂ ಹಾಗೆ ಬರುವವರು ಎರಡು ಸಲ ಯೋಚಿಸಬೇಕು.

ವಯಸ್ಸಾದ ಅಪ್ಪ ಅವ್ವನ ಜೊತೆ ಇರುವ ಒಬ್ಬನೇ ಮಗನಿಗೋ ಮಗಳಿಗೋ ನಾನು ಏನೂ ಹೇಳಲಾರೆ. ಅವರನ್ನು ಬೆಂಗಳೂರಿನ ಒಂದು ರೂಮಿನ ಮನೆಗೆ ತಂದು ಕೂಡಿಸಿದರೆ ಟಿವಿ ಬಿಟ್ಟು ಮಾತಿಗೆ ಯಾರೂ ಸಿಗುವುದಿಲ್ಲ. ನಮ್ಮಪ್ಪ ಹನ್ನೊಂದೇ ದಿನಕ್ಕೆ ಚೀಲ ಕಟ್ಟಿದರು.

ನಡುವಿನ ಊರುಗಳು

ಎಲ್ಲರೂ ಕೊಪ್ಪಳದಿಂದ ನೇರ ಬೆಂಗಳೂರಿಗೇ ಹಾರಬೇಕು ಅಂತೇನಿಲ್ಲ. ಐಟಿಐ, ಡಿಪ್ಲೊಮಾ ಆದವರು ಮೊದಲು ಬಳ್ಳಾರಿ ಹತ್ತಿರದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆ ನೋಡಬೇಕು. ವೆಲ್ಡರ್, ಫಿಟ್ಟರ್, ಎಲೆಕ್ಟ್ರಿಷಿಯನ್‌ಗೆ ಅಲ್ಲಿ ಕಲಿಯುವುದು ಜಾಸ್ತಿ. ರಾಯಚೂರಿನವರಿಗೆ ಶಕ್ತಿನಗರದ ಥರ್ಮಲ್ ಸ್ಟೇಷನ್ನಿನ ಸುತ್ತಲೂ ಅದೇ ಬಗೆಯ ಕೆಲಸ ಇದೆ.

ರಾಯಚೂರಿನವರ ಲೆಕ್ಕ ಇನ್ನೂ ಒಂದು ರೀತಿ ಬೇರೆ. ಅವರಿಗೆ ಹೈದರಾಬಾದ್ ಹತ್ತಿರ, ಬೆಂಗಳೂರಿನ ಅರ್ಧದಷ್ಟೇ ದೂರ. ತೆಲುಗು ಬಂದರೆ ಮುಗಿಯಿತು, ಗಡಿಯ ಹಳ್ಳಿಗಳಲ್ಲಿ ಯಾರಿಗೆ ಬರುವುದಿಲ್ಲ? ಶನಿವಾರ ಸಂಜೆ ಹೊರಟು ರಾತ್ರಿ ಊಟಕ್ಕೆ ಮನೆಗೆ ಬರಬಹುದು. ನಾನು ರಾಯಚೂರಿನವಳಾಗಿದ್ದರೆ ಬಹುಶಃ ಬೆಂಗಳೂರಿನ ಹೆಸರೇ ಎತ್ತುತ್ತಿರಲಿಲ್ಲ.

ಹುಬ್ಬಳ್ಳಿ, ಹೊಸಪೇಟೆ ಅಂದರೆ ನನಗೆ ಅಷ್ಟು ಮನಸ್ಸಾಗುವುದಿಲ್ಲ. ಬಾಡಿಗೆ ಕಡಿಮೆ, ಹೌದು. ಆದರೆ ನಮ್ಮ ಲೆಕ್ಕಪತ್ರದ ಕೆಲಸಕ್ಕೆ ಸಂಬಳ ಕೊಪ್ಪಳಕ್ಕಿಂತ ಸ್ವಲ್ಪವೇ ಜಾಸ್ತಿ. ಮನೆಯನ್ನೂ ಬಿಟ್ಟಂತಾಗುತ್ತದೆ, ದುಡ್ಡೂ ಬಂದಂತಾಗುವುದಿಲ್ಲ. ಹುಬ್ಬಳ್ಳಿಯವರು ಬೈಯಬಹುದು.

ಬರುವುದಾದರೆ

ಕೆಲಸ ಸಿಕ್ಕ ಮೇಲೆ ಬನ್ನಿ ಅನ್ನುವ ಸಲಹೆ ಕೇಳಲು ಚೆನ್ನಾಗಿದೆ. ಆದರೆ ನಮ್ಮಂಥವರಿಗೆ ಇಂಟರ್‌ವ್ಯೂಗೆ ನಾಳೆ ಬನ್ನಿ ಅಂದರೆ ಕೊಪ್ಪಳದಿಂದ ಹೋಗಲು ಆಗುತ್ತದೆಯೇ? ಮೂರು ತಿಂಗಳ ಖರ್ಚು, ಅಂದರೆ ನಲವತ್ತು ಸಾವಿರದಷ್ಟು ಕೈಯಲ್ಲಿಟ್ಟುಕೊಂಡು, ಪರಿಚಯದವರ ರೂಮಿಗೆ ಇಳಿದು ಹುಡುಕುವುದು ವಾಸಿ. ಪಿಜಿಗೆ ದುಡ್ಡು ಕೊಡುವ ಮೊದಲು ಅಡ್ವಾನ್ಸ್ ವಾಪಸ್ ಎಷ್ಟು, ಯಾವಾಗ ಅಂತ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿಗೆ ನಂಬಿ ನಾನು 4,000 ಬಿಟ್ಟಿದ್ದೇನೆ.

ಮನೆಯವರಿಗೆ ಒಂದು ಅವಧಿ ಹೇಳಿ. "ಎರಡು ವರ್ಷ ನೋಡ್ತೀನಿ" ಅಂತ. ಅದರಿಂದ ಅವ್ವನಿಗೂ ಸಮಾಧಾನ. ಮದುವೆ ಮಾತು ತರುವವರ ಬಾಯಿಗೂ ಸ್ವಲ್ಪ ದಿನ ಬೀಗ. ನಾನು ಹಾಗೇ ಹೇಳಿ ಬಂದಿದ್ದೆ. ಆ ಎರಡು ವರ್ಷ ಇನ್ನೂ ಮುಗಿದಿಲ್ಲ ಅಂತ ಅವ್ವ ಈಗಲೂ ಚೇಷ್ಟೆ ಮಾಡುತ್ತಾಳೆ.

ಇನ್ನು ಹಂಪಿ ಎಕ್ಸ್‌ಪ್ರೆಸ್. ಕೊಪ್ಪಳದಲ್ಲಿ ರಾತ್ರಿ ಹತ್ತಿದರೆ ಬೆಳಗ್ಗೆ ಮೆಜೆಸ್ಟಿಕ್ ಹತ್ತಿರ ಇಳಿಯಬಹುದು, ಅದಕ್ಕೇ ಸೀಟು ಸಿಗುವುದು ಕಷ್ಟ. ಮೊದಲು 120 ದಿನ ಮುಂಚೆ ಬುಕ್ ಮಾಡಬಹುದಿತ್ತು. 2024ರ ನವೆಂಬರ್‌ನಿಂದ ಅದನ್ನು 60 ದಿನಕ್ಕೆ ಇಳಿಸಿದ್ದಾರೆ. ಗವಿಸಿದ್ಧೇಶ್ವರ ಜಾತ್ರೆ ಜನವರಿ ಹೊತ್ತಿಗೆ ಬರುತ್ತದೆ. ದೀಪಾವಳಿ ಮುಗಿದ ಕೂಡಲೇ ತೇರಿನ ದಿನ ಹುಡುಕಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅರವತ್ತು ದಿನ ಹಿಂದಕ್ಕೆ ಎಣಿಸಿ. ಬೆಳಗ್ಗೆ ಎಂಟಕ್ಕೆ ಬುಕಿಂಗ್ ತೆರೆಯುತ್ತದೆ. ಎಂಟೂಕಾಲಿಗೆ ನೋಡಿದರೆ ವೇಟಿಂಗ್ ಲಿಸ್ಟ್.